ಬಿಲ್ ಪಾಸಾಯಿತು, ಕೆಲಸ ಎಲ್ಲಿ?

ಬಜೆಟ್ ಎಷ್ಟು ಎಂಬುದು ಗೊತ್ತು, ಟೆಂಡರ್ ಯಾವಾಗ ಎಂಬುದೂ ಗೊತ್ತು. ಹಣ ಕೊನೆಗೆ ಯಾರ ಕೈ ಸೇರಿತು, ಅದಕ್ಕೆ ಪ್ರತಿಯಾಗಿ ನೆಲದ ಮೇಲೆ ಏನು ನಿಂತಿತು ಎಂಬುದು ಮಾತ್ರ ಕಡತದೊಳಗೇ ಉಳಿದುಬಿಡುತ್ತದೆ. ಗ್ರಾಮ ಪಂಚಾಯಿತಿಗಳಲ್ಲಿ ಜಮಾಬಂದಿ ನಡೆಯುವ ಈ ದಿನಗಳಲ್ಲಿ, ಗುತ್ತಿಗೆದಾರರಿಗೂ ಅನುದಾನಿತ ಸಂಸ್ಥೆಗಳಿಗೂ ಹೋದ ಸಾರ್ವಜನಿಕ ದುಡ್ಡಿನ ಜಾಡು ಹಿಡಿದು...

1994ರ ಡಿಸೆಂಬರ್ 2. ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್ ಕಿರಾನಾ. ಊರಿನ ಬಯಲಲ್ಲಿ ಜನ ಸೇರಿದ್ದಾರೆ. ಹೆಚ್ಚಿನವರು ಬರಗಾಲದ ಕಾಮಗಾರಿಗಳಲ್ಲಿ ಮಣ್ಣು ಹೊತ್ತವರು, ಕಲ್ಲು ಒಡೆದವರು. ಮುಂದೆ ನಿಂತವರ ಕೈಯಲ್ಲಿ ಸರ್ಕಾರಿ ಹಾಜರಿ ಪಟ್ಟಿಯ ನಕಲು. ಹೆಸರು, ಕೆಲಸ ಮಾಡಿದ ದಿನ, ಕೊಟ್ಟ ಕೂಲಿ... ಒಂದೊಂದಾಗಿ ಗಟ್ಟಿಯಾಗಿ ಓದುತ್ತಿದ್ದಾರೆ.

ಒಂದು ಹೆಸರು ಕೂಗಿದಾಗ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಆತ ತೀರಿಕೊಂಡವನು. ಇನ್ನೊಂದು ಹೆಸರು, ದುಡಿಯಲು ಊರು ಬಿಟ್ಟು ಹೋದವನದ್ದು. ಮತ್ತೊಬ್ಬರು ಎದ್ದು ನಿಂತು, ಆ ಕೆಲಸದ ಕಡೆಗೆ ನಾನು ಕಾಲೇ ಇಟ್ಟಿಲ್ಲ ಎನ್ನುತ್ತಾರೆ. ಆಮೇಲೆ ಕಟ್ಟಡದ ಲೆಕ್ಕ. ಕಡತದ ಪ್ರಕಾರ ಕಟ್ಟಡ ಪೂರ್ಣ. ಎಲ್ಲರ ಕಣ್ಣಿಗೂ ಕಾಣುತ್ತಿರುವ ಪ್ರಕಾರ ಅದಕ್ಕೆ ಚಾವಣಿಯೇ ಇಲ್ಲ.

ಅಂದು ಅಲ್ಲಿ ಯಾರೂ ಭಾಷಣ ಮಾಡಬೇಕಾಗಿರಲಿಲ್ಲ. ಕಾಗದದಲ್ಲಿ ಬರೆದದ್ದನ್ನು, ಬರೆದ ಊರಿನಲ್ಲೇ, ಆ ಊರಿನವರ ಎದುರಿಗೇ ಓದಿದ್ದು ಸಾಕಾಯಿತು. ಸರ್ಕಾರದ ಖರ್ಚಿನ ಮೇಲೆ ಜನ ಇಡಬಹುದಾದ ಕಣ್ಣಿಗೆ ಇದಕ್ಕಿಂತ ಹರಿತವಾದ ಮಾದರಿ ಈ ಮೂವತ್ತು ವರ್ಷಗಳಲ್ಲಿ ಸಿಕ್ಕಿಲ್ಲ ಎಂಬುದು ನನ್ನ ನಂಬಿಕೆ.

ಕೂಲಿ ಕೇಳಲು ಹೋದವರಿಗೆ ಎದುರಾದ ಕಡತ

ಈ ಸಭೆಯ ಹಿಂದೆ ಇದ್ದದ್ದು ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್. ಐಎಎಸ್ ಹುದ್ದೆಗೆ 1975ರಲ್ಲಿ ರಾಜೀನಾಮೆ ಕೊಟ್ಟಿದ್ದ ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ 1987ರಲ್ಲಿ ದೇವಡೂಂಗ್ರಿ ಎಂಬ ಪುಟ್ಟ ಹಳ್ಳಿಗೆ ಬಂದು ನೆಲೆಸಿದರು. 1990ರ ಮೇ 1ರಂದು ಭೀಮ್ ಪಟ್ಟಣದಲ್ಲಿ ಸಂಘಟನೆ ಹುಟ್ಟಿತು. ಅವರ ಮೊದಲ ಜಗಳ ಭ್ರಷ್ಟಾಚಾರದ ವಿರುದ್ಧವಲ್ಲ, ಕನಿಷ್ಠ ಕೂಲಿಗಾಗಿ.

ಸರ್ಕಾರಿ ಕಾಮಗಾರಿಯಲ್ಲಿ ದಿನವಿಡೀ ದುಡಿದವರಿಗೆ ನಿಗದಿಯಾದ ಕೂಲಿ ಸಿಗುತ್ತಿರಲಿಲ್ಲ. ಕೇಳಿದರೆ, ಅಳತೆಯ ಪ್ರಕಾರ ನೀವು ಅಷ್ಟು ಕೆಲಸ ಮಾಡಿಲ್ಲ ಎಂಬ ಉತ್ತರ. ಹಾಗಾದರೆ ಆ ಅಳತೆ ತೋರಿಸಿ ಎಂದರೆ, ಅದು ಸರ್ಕಾರಿ ದಾಖಲೆ, ತೋರಿಸುವಂತಿಲ್ಲ ಎಂಬ ಉತ್ತರ. 1923ರ ಅಧಿಕೃತ ರಹಸ್ಯಗಳ ಕಾಯ್ದೆಯ ನೆರಳು ಹಳ್ಳಿಯ ಕೆರೆ ಏರಿಯ ಲೆಕ್ಕದ ಮೇಲೂ ಬಿದ್ದಿತ್ತು.

ಕಡತ ಸಿಗದೆ ಕೂಲಿ ಸಿಗದು ಎಂಬುದು ಅವರಿಗೆ ಅರ್ಥವಾದದ್ದು ಹೀಗೆ. ಕಡತ ನೋಡಲು ಬಿಟ್ಟ ಸಹೃದಯ ಅಧಿಕಾರಿಯೊಬ್ಬರಿಂದಾಗಿ ಕೋಟ್ ಕಿರಾನಾದ ಸಭೆ ಸಾಧ್ಯವಾಯಿತು. ಅದೇ ಡಿಸೆಂಬರಿನಲ್ಲಿ ಭೀಮ್ ಮತ್ತು ವಿಜಯಪುರಾದಲ್ಲಿ, ಮರುವರ್ಷ ಇನ್ನೂ ಕೆಲವೆಡೆ ಇಂತಹ ಜನ ಸುನ್ವಾಯಿಗಳು, ಅಂದರೆ ಬಹಿರಂಗ ವಿಚಾರಣೆಗಳು, ನಡೆದವು. ಸಾಮಗ್ರಿ ಪೂರೈಸಿದ್ದಾಗಿ ಬಿಲ್ ಪಡೆದು, ಹುಡುಕಿದರೆ ಅಂಗಡಿಯೂ ಇಲ್ಲ ಗೋದಾಮೂ ಇಲ್ಲ ಎಂಬಂತಹ ಕಾಗದದ ಕಂಪನಿಗಳ ಮೇಲೆ ಜನರ ಕಣ್ಣು ಬಿತ್ತು. ಅಲ್ಲಿಯವರೆಗೆ ಜಗಳ ಕೂಲಿಕಾರ ಮತ್ತು ಮೇಸ್ತ್ರಿಯ ನಡುವೆ ಇತ್ತು. ಈಗ ಅದು ಗುತ್ತಿಗೆದಾರ, ಎಂಜಿನಿಯರ್, ಸರಪಂಚರ ನಡುವಿನ ಕೊಂಡಿಯನ್ನೇ ಮುಟ್ಟಿತು.

1996ರ ಏಪ್ರಿಲ್ 6ರಂದು ಬ್ಯಾವರ್ ಪಟ್ಟಣದ ಚಾಂಗ್ ಗೇಟ್ ಬಳಿ ಧರಣಿ ಶುರುವಾಯಿತು. ನಲವತ್ತು ದಿನ ನಡೆಯಿತು. ನಮ್ಮ ದುಡ್ಡು, ನಮ್ಮ ಲೆಕ್ಕ ಎಂಬುದು ಅವರ ಕೂಗು. ಸುತ್ತಲಿನ ಹಳ್ಳಿಗಳು ಧಾನ್ಯ ಕಳಿಸಿದವು, ಮಾರುಕಟ್ಟೆಯವರು ತರಕಾರಿ ಕೊಟ್ಟರು. ಮಾಹಿತಿ ಹಕ್ಕು ಎಂದರೆ ದೆಹಲಿಯ ಸಭಾಂಗಣದ ವಿಷಯ ಎಂದುಕೊಂಡವರು ಈ ಧರಣಿಯನ್ನು ನೆನೆಯಬೇಕು. ಅದನ್ನು ಕಟ್ಟಿದ್ದು ಕೂಲಿಯ ಹಣದಲ್ಲಿ ಬದುಕುವವರು.

▪ ಚೌಕಟ್ಟು: ಕಾನೂನಾಗಿ ಬೆಳೆದ ಬಗೆ

1997: ತಮಿಳುನಾಡು ಮತ್ತು ಗೋವಾದಲ್ಲಿ ಮೊದಲ ಮಾಹಿತಿ ಹಕ್ಕು ಕಾಯ್ದೆಗಳು.
2000: ರಾಜಸ್ಥಾನ ಮತ್ತು ಕರ್ನಾಟಕದಲ್ಲಿ ಕಾಯ್ದೆ. ಮರುವರ್ಷ ದೆಹಲಿಯಲ್ಲಿ.
2005: ಮೇ ತಿಂಗಳಲ್ಲಿ ಸಂಸತ್ತಿನ ಒಪ್ಪಿಗೆ, ಜೂನ್ 15ರಂದು ರಾಷ್ಟ್ರಪತಿಯ ಅಂಕಿತ, ಅಕ್ಟೋಬರ್ 12ರಿಂದ ಪೂರ್ಣ ಜಾರಿ.
ಅದೇ ವರ್ಷದ ಉದ್ಯೋಗ ಖಾತರಿ ಕಾಯ್ದೆ ತನ್ನ 17ನೇ ಸೆಕ್ಷನ್ನಿನಲ್ಲಿ ಗ್ರಾಮಸಭೆಯ ಸಾಮಾಜಿಕ ಲೆಕ್ಕ ಪರಿಶೋಧನೆಯನ್ನು ಬರೆಯಿತು. ಜನ ಸುನ್ವಾಯಿ ಕಾನೂನಿನ ಮಾತಾಯಿತು.

ಚರಂಡಿ ಮೇಲಿನ 253 ಜಾಲರಿ

ಹಳ್ಳಿಯ ಈ ವಿದ್ಯೆ ಪೇಟೆಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. 2002ರಲ್ಲಿ ಅರವಿಂದ ಕೇಜ್ರಿವಾಲ್ ಕಟ್ಟಿದ್ದ ಪರಿವರ್ತನ್ ಎಂಬ ಗುಂಪು ದೆಹಲಿಯ ಸುಂದರ್‌ನಗರಿ ಮತ್ತು ಆಸುಪಾಸಿನ ಬಡ ಬಡಾವಣೆಗಳಲ್ಲಿ ಪಾಲಿಕೆ ಮಾಡಿಸಿದ 68 ಕಾಮಗಾರಿಗಳ ದಾಖಲೆಯನ್ನು ದೆಹಲಿಯ ಮಾಹಿತಿ ಹಕ್ಕು ಕಾಯ್ದೆಯಡಿ ತರಿಸಿತು. ಗುತ್ತಿಗೆಯ ಪ್ರತಿ ಕೈಯಲ್ಲಿ ಹಿಡಿದು ಓಣಿ ಓಣಿ ಸುತ್ತಿದರು. ಡಿಸೆಂಬರಿನಲ್ಲಿ ಜನರ ಮುಂದೆ ಓದಿದರು.

ಚರಂಡಿಗಳ ಮೇಲೆ 253 ಕಬ್ಬಿಣದ ಜಾಲರಿ ಹಾಕಿದ್ದಾಗಿ ಲೆಕ್ಕ ಹೇಳುತ್ತಿತ್ತು. ಓಣಿಗಳಲ್ಲಿ ಸಿಕ್ಕವು 30. ಮೋಟಾರ್ ಸಹಿತ 29 ಕೈಪಂಪು ಹಾಕಿದ್ದಾಗಿ ಬಿಲ್ ಇತ್ತು. ಇದ್ದವು 14. ಒಟ್ಟು 1.3 ಕೋಟಿ ರೂಪಾಯಿಯ ಕಾಮಗಾರಿಗಳಲ್ಲಿ 70 ಲಕ್ಷದಷ್ಟು ವಸ್ತುಗಳು ನೆಲದ ಮೇಲೆ ಇರಲೇ ಇಲ್ಲ.

ಈ ಅಂಕಿಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು 70 ಲಕ್ಷ ಅಲ್ಲ, 253. ಕೋಟಿ, ಲಕ್ಷದ ಮಾತು ಬಂದಾಗ ಸಾಮಾನ್ಯರು ಸುಮ್ಮನಾಗುತ್ತಾರೆ. ಜಾಲರಿಯನ್ನಾದರೆ ಮನೆ ಮುಂದಿನ ಹೆಣ್ಣುಮಗಳು ಎಣಿಸಿ ಹೇಳಬಲ್ಲಳು. ಮಗು ಬೀಳದಂತೆ ಚರಂಡಿಗೆ ಅಡ್ಡ ಹಲಗೆ ಹಾಕಿಕೊಂಡವಳಿಗೆ ಅಲ್ಲಿ ಜಾಲರಿ ಇತ್ತೋ ಇಲ್ಲವೋ ಎಂದು ಯಾವ ಆಡಿಟರನೂ ಹೇಳಿಕೊಡಬೇಕಿಲ್ಲ. ಖರ್ಚು ಪಾರದರ್ಶಕವಾಗುವುದು ಎಣಿಸಬಹುದಾದ ವಸ್ತುವಿನ ಮಟ್ಟಕ್ಕೆ ಅದು ಇಳಿದಾಗ.

ಆ ವಸ್ತುವಿನ ಪಕ್ಕದಲ್ಲಿ ಹಣ ಪಡೆದವರ ಹೆಸರೂ ಇರಬೇಕು. ಇವೆರಡೂ ಸಿಕ್ಕಲ್ಲಿ ಲೆಕ್ಕ ಹೊರಗೆ ಬರುತ್ತದೆ, ಒಂದು ತಪ್ಪಿದರೂ ಮುಚ್ಚಿಹೋಗುತ್ತದೆ.

ಅಳತೆ ಪುಸ್ತಕದ ಒಂದು ಸಾಲು

ನಮ್ಮಲ್ಲಿ ಸರ್ಕಾರಿ ಕಾಮಗಾರಿಯೊಂದರ ಹುಟ್ಟು ಸಾವೆಲ್ಲ ಬರೆದಿರುವುದು ಎಂ.ಬಿ.ಯಲ್ಲಿ, ಅಂದರೆ ಅಳತೆ ಪುಸ್ತಕದಲ್ಲಿ. ಪುಟಗಳಿಗೆ ಮೊದಲೇ ಸಂಖ್ಯೆ ಹಾಕಿರುತ್ತದೆ. ಹರಿಯುವಂತಿಲ್ಲ, ಅಳಿಸುವಂತಿಲ್ಲ. ಕೆಲಸದ ಸ್ಥಳಕ್ಕೆ ಹೋಗಿ ಕಿರಿಯ ಅಥವಾ ಸಹಾಯಕ ಎಂಜಿನಿಯರ್ ಉದ್ದ, ಅಗಲ, ಆಳ ಬರೆಯಬೇಕು. ಮೇಲಿನ ಎಂಜಿನಿಯರ್ ಬಂದು ಮರು ಅಳತೆ ಮಾಡಿ ಸಹಿ ಹಾಕಬೇಕು. ಬಿಲ್ ತಯಾರಾಗುವುದು ಈ ಸಾಲುಗಳಿಂದ.

ಕಾಂಕ್ರೀಟ್ ರಸ್ತೆಯ ಒಂದು ಸಾಲನ್ನು ನೋಡಿ. ಉದ್ದ 100 ಮೀಟರ್, ಅಗಲ 3 ಮೀಟರ್, ದಪ್ಪ 0.15 ಮೀಟರ್. ಗುಣಿಸಿದರೆ 45 ಘನ ಮೀಟರ್ ಕಾಂಕ್ರೀಟ್. ಸ್ಥಳದಲ್ಲಿ ಹಾಕಿದ ದಪ್ಪ 0.10 ಮೀಟರ್ ಮಾತ್ರ ಆಗಿದ್ದರೆ ಕಾಂಕ್ರೀಟ್ 30 ಘನ ಮೀಟರ್. ನಡುವಿನ 15 ಘನ ಮೀಟರ್, ಅಂದರೆ ಮೂರರಲ್ಲಿ ಒಂದು ಪಾಲು, ಎಂದೂ ಊರಿಗೆ ಬಂದೇ ಇರುವುದಿಲ್ಲ. ಮೇಲಿನಿಂದ ನೋಡಿದರೆ ಎರಡೂ ರಸ್ತೆ ಒಂದೇ ಬಣ್ಣ, ಒಂದೇ ಉದ್ದ. ಎರಡು ಮಳೆಗಾಲ ಕಳೆದ ಮೇಲೆ ಬಿರುಕು ಬಿಟ್ಟಾಗ ವ್ಯತ್ಯಾಸ ಕಾಣುತ್ತದೆ. ಅಷ್ಟು ಹೊತ್ತಿಗೆ ಬಿಲ್ ಪಾಸಾಗಿ, ಭದ್ರತಾ ಠೇವಣಿಯೂ ವಾಪಸಾಗಿರಬಹುದು.

ಕೆಲಸದ ಜಾಗದಲ್ಲಿ ನಿಲ್ಲಿಸುವ ನಾಮಫಲಕದಲ್ಲಿ ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಗುತ್ತಿಗೆದಾರರ ಹೆಸರು, ಮುಗಿಯಬೇಕಾದ ದಿನಾಂಕ ಇರುತ್ತವೆ. ದಪ್ಪ ಎಷ್ಟಿರಬೇಕು ಎಂಬುದು ಇರುವುದಿಲ್ಲ. ಆ ಒಂದು ಅಂಕಿ ಫಲಕದ ಮೇಲೆ ಬಿದ್ದರೆ ಸಾಕು, ಊರಿನ ಗಾರೆ ಕೆಲಸದವರೇ ಅಡಿಪಟ್ಟಿ ಹಿಡಿದು ಬರುತ್ತಾರೆ.

ಮಾಹಿತಿ ಹಕ್ಕು ಕಾಯ್ದೆಯಲ್ಲಿ ಹೆಚ್ಚಿನವರು ಬಳಸದೇ ಬಿಟ್ಟ ಮಾತೊಂದಿದೆ. 2(ಜೆ) ಸೆಕ್ಷನ್ನಿನ ಪ್ರಕಾರ ಮಾಹಿತಿ ಹಕ್ಕೆಂದರೆ ಬರೀ ಜೆರಾಕ್ಸ್ ಪ್ರತಿ ಪಡೆಯುವುದಲ್ಲ. ಕಾಮಗಾರಿಯನ್ನೇ ಪರಿಶೀಲಿಸಬಹುದು, ಸಾಮಗ್ರಿಯ ಪ್ರಮಾಣೀಕೃತ ಮಾದರಿಯನ್ನೂ ಕೇಳಬಹುದು. ರಸ್ತೆಗೆ ಸುರಿದ ಕಾಂಕ್ರೀಟಿನ ಒಂದು ತುಂಡನ್ನು ಕೇಳುವ ಹಕ್ಕು ನಾಗರಿಕರಿಗೆ ಇದೆ. ಕಾನೂನು ಬರೆದವರು ಕೋಟ್ ಕಿರಾನಾದಂತಹ ಸಭೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು ಎಂಬುದಕ್ಕೆ ಈ ಸಾಲೇ ಸಾಕ್ಷಿ.

▪ ಚೌಕಟ್ಟು: ಹತ್ತು ರೂಪಾಯಿಯ ಅರ್ಜಿಯಲ್ಲಿ

ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ. ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಕುರಿತಿರಬೇಕು ಎಂಬುದು ರಾಜ್ಯದ ನಿಯಮ. ಆದ್ದರಿಂದ ಒಂದು ಅರ್ಜಿಗೆ ಒಂದೇ ಕಾಮಗಾರಿ ಹಿಡಿಯುವುದು ಲೇಸು.
ಕೇಳಬೇಕಾದವು: ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಿತ ಪುಟ, ಪಾವತಿಯಾದ ಬಿಲ್ಲಿನ ಪ್ರತಿ, ಗುಣಮಟ್ಟ ಪರೀಕ್ಷೆಯ ವರದಿ.
30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಆನಂತರ ಮಾಹಿತಿ ಆಯೋಗ.

ನಮ್ಮೂರಿನ ಜನ ಸುನ್ವಾಯಿ

ರಾಜಸ್ಥಾನದವರು ಬೀದಿಗಿಳಿದು ಗಳಿಸಿದ್ದನ್ನು ಹೋಲುವ ಏರ್ಪಾಡೊಂದು ಕರ್ನಾಟಕದ ಹಳ್ಳಿಗಳಿಗೆ ನಿಯಮದ ರೂಪದಲ್ಲೇ ಸಿಕ್ಕಿದೆ. ಅದು ಜಮಾಬಂದಿ. ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಪ್ರತಿ ಗ್ರಾಮ ಪಂಚಾಯಿತಿ ಹಿಂದಿನ ಆರ್ಥಿಕ ವರ್ಷದ ಜಮಾ ಖರ್ಚನ್ನು, ಮಾಡಿದ ಕಾಮಗಾರಿಗಳನ್ನು ಜನರ ಮುಂದೆ ಇಡಬೇಕು. ಹೊರಗಿನಿಂದ ಬಂದ ನೋಡಲ್ ಅಧಿಕಾರಿ ಕಡತ ನೋಡುತ್ತಾರೆ. ಕೆಲಸದ ಸ್ಥಳಕ್ಕೂ ಹೋಗಬೇಕು.

ಸರಿಯಾಗಿ ನಡೆದರೆ ಜಮಾಬಂದಿಯ ಬೆಳಗು ಹೀಗಿರುತ್ತದೆ. ಪಂಚಾಯಿತಿ ಕಚೇರಿ ಮುಂದೆ ಕುರ್ಚಿ, ಮೇಜಿನ ಮೇಲೆ ನಗದು ಪುಸ್ತಕ, ಓಚರ್ ಕಟ್ಟು, ಎಂ.ಬಿ.ಗಳು. ಪಿಡಿಒ ಒಂದೊಂದೇ ಕಾಮಗಾರಿ ಓದುತ್ತಾ ಹೋಗುತ್ತಾರೆ. ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಕೈ ಎತ್ತುತ್ತಾರೆ.

“ಸಾಹೇಬ್ರ, ಇದು ಯಾವ ಓಣಿ ಗಟಾರ?”

“ಹಿರ‍್ಯಾರ, ಅಗಸಿ ಕಡೀದು. ನೂರಿಪ್ಪತ್ತು ಮೀಟರ್ ಆಗೇತಿ.”

“ಹಂಗಾರ ನಡೀರಿ, ಟೇಪ್ ಹಿಡದು ನೋಡೂಣು.”

ಆ ಟೇಪು ಹೊರಬಂದ ಊರುಗಳಲ್ಲಿ ಮರುವರ್ಷದ ಕಾಮಗಾರಿಯ ರೀತಿಯೇ ಬೇರೆ. ದುಃಖದ ಸಂಗತಿಯೆಂದರೆ ಟೇಪು ಹೊರಬರುವುದು ಕೆಲವೇ ಊರುಗಳಲ್ಲಿ. ಬಹಳ ಕಡೆ ಜಮಾಬಂದಿಯ ದಿನ ಊರಿಗೆ ಗೊತ್ತೇ ಇರುವುದಿಲ್ಲ. ಗೊತ್ತಾಗಿ ಬಂದವರಿಗೆ ಸಿಗುವುದು ಒಟ್ಟು ಮೊತ್ತಗಳ ಓದು: ಚರಂಡಿಗೆ ಇಷ್ಟು ಲಕ್ಷ, ಕುಡಿಯುವ ನೀರಿಗೆ ಇಷ್ಟು ಲಕ್ಷ. ಯಾವ ಓಣಿ, ಎಷ್ಟು ಮೀಟರ್, ಯಾರ ಹೆಸರಿಗೆ ಬಿಲ್ ಎಂಬುದು ಇಲ್ಲದ ಓದು ಅದು. ಕೈ ಎತ್ತಿ ಕೇಳಲು ಅಲ್ಲಿ ಏನೂ ಉಳಿದಿರುವುದಿಲ್ಲ.

ನಗರಗಳಿಗೆ ಇಷ್ಟೂ ಇಲ್ಲ. 2002ರಲ್ಲಿ ಬೆಂಗಳೂರಿನಲ್ಲಿ ಜನಾಗ್ರಹ, ಪಬ್ಲಿಕ್ ಅಫೇರ್ಸ್ ಸೆಂಟರ್ ಮೊದಲಾದ ಸಂಸ್ಥೆಗಳು ಸೇರಿ ‘ಪ್ರೂಫ್’ ಎಂಬ ಅಭಿಯಾನ ನಡೆಸಿದ್ದವು. ಮಹಾನಗರ ಪಾಲಿಕೆಯ ಆದಾಯ ವೆಚ್ಚವನ್ನು ಮೂರು ತಿಂಗಳಿಗೊಮ್ಮೆ ನಾಗರಿಕರ ಮುಂದಿಟ್ಟು ಚರ್ಚಿಸುವ ಪ್ರಯತ್ನ ಅದು. ವಾರ್ಡು ಮಟ್ಟದಲ್ಲಿ ಜಮಾಬಂದಿ ನಡೆಸಬೇಕೆಂಬ ಕಡ್ಡಾಯ ಇಂದಿಗೂ ಬೆಂಗಳೂರಿನವರಿಗೆ ಸಿಕ್ಕಿಲ್ಲ. ಹಳ್ಳಿಯವರಿಗೆ ಇರುವ ಹಕ್ಕು ನಗರದವರಿಗೆ ಏಕಿರಬಾರದು?

ಟೆಂಡರ್ ತನಕ ಬೆಳಕು, ಆಮೇಲೆ ಕತ್ತಲು

ಕಾನೂನು ಮಾಡುವುದರಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. 1998ರಲ್ಲಿ ತಮಿಳುನಾಡು ಟೆಂಡರ್ ಪಾರದರ್ಶಕತೆಯ ಕಾಯ್ದೆ ತಂದಿತು. ಮರುವರ್ಷವೇ ಕರ್ನಾಟಕ ತನ್ನ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವನ್ನು, ಗುತ್ತಿಗೆದಾರರ ಬಾಯಲ್ಲಿ ಕೆಟಿಪಿಪಿಯನ್ನು, ರೂಪಿಸಿತು. ಕೇಂದ್ರ ಸರ್ಕಾರ 2012ರಲ್ಲಿ ತಂದ ಇಂತಹದ್ದೇ ಮಸೂದೆ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. ಕೇಂದ್ರದ ಖರೀದಿ ಸಾಮಾನ್ಯ ಹಣಕಾಸು ನಿಯಮಗಳ ಮೇಲೇ ನಡೆದಿದೆ. ಈ ಮಟ್ಟಿಗೆ ನಾವು ಮುಂದೆ.

2007ರ ನಂತರ ಟೆಂಡರುಗಳು ಕಂಪ್ಯೂಟರಿಗೆ ಬಂದವು. ಈಗ ರಾಜ್ಯದ ಖರೀದಿ ಜಾಲತಾಣವಾದ ಕೆಪಿಪಿಪಿಯಲ್ಲಿ ಟೆಂಡರ್ ಪ್ರಕಟಣೆ ಯಾರು ಬೇಕಾದರೂ ನೋಡಬಹುದು. ಟೆಂಡರ್ ಫಾರಂ ಕೊಡದೆ ಸತಾಯಿಸುವ, ಪೆಟ್ಟಿಗೆ ಬಳಿ ಅಡ್ಡಗಟ್ಟಿ ಬೆದರಿಸುವ ಕಾಲ ಹೋಯಿತು. ಇದು ಸಣ್ಣ ಸಾಧನೆಯಲ್ಲ.

ಕತ್ತಲು ಶುರುವಾಗುವುದು ಗುತ್ತಿಗೆ ಸಿಕ್ಕ ಮರುದಿನದಿಂದ. ಕಾರ್ಯಾದೇಶದ ಮೊತ್ತ ಎಷ್ಟಕ್ಕೆ ಏರಿತು, ಹೆಚ್ಚುವರಿ ಕೆಲಸ ಎಂದು ಏನು ಸೇರಿತು, ನಿಜಕ್ಕೂ ಕೆಲಸ ಮಾಡಿದವರು ಯಾರು, ಎಷ್ಟು ಕಂತಿನಲ್ಲಿ ಬಿಲ್ ಹೋಯಿತು... ಇವು ಟೆಂಡರ್ ಇದ್ದ ಜಾಗದಲ್ಲಿ ಕಾಣುವುದಿಲ್ಲ. ಹರಾಜಿನ ಕೂಗನ್ನು ಎಲ್ಲರಿಗೂ ಕೇಳಿಸಿ, ಕೊಟ್ಟ ಸರಕನ್ನು ಯಾರಿಗೂ ತೋರಿಸದಂತೆ ಇದು.

ಟೆಂಡರ್ ಬೇಡದ ದಾರಿಯೂ ಕಾಯ್ದೆಯೊಳಗೇ ಇದೆ. ಅದರ 4(ಜಿ) ಕಲಂ ಅಡಿ ಸರ್ಕಾರ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಕೆಲಸಕ್ಕೆ ವಿನಾಯಿತಿ ಕೊಡಬಹುದು. ಪ್ರವಾಹ ಬಂದಾಗ ಸೇತುವೆ ಕಟ್ಟಲು ಇಂತಹ ದಾರಿ ಬೇಕು, ಒಪ್ಪೋಣ. ಆದರೆ ವಿನಾಯಿತಿ ಅಪರೂಪದ್ದಾಗಿ ಉಳಿದಿಲ್ಲ. ಹಳೆಯ ಭೂಸೇನೆಯೇ ಇಂದಿನ ಕರ್ನಾಟಕ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಗಮ. ಅದಕ್ಕೂ ನಿರ್ಮಿತಿ ಕೇಂದ್ರಗಳಿಗೂ ಟೆಂಡರಿಲ್ಲದೆ ಕಾಮಗಾರಿ ವಹಿಸುವುದು ವಾಡಿಕೆಯೇ ಆಗಿದೆ. ನಿಗಮದ ಕೆಲಸವನ್ನು ತಳದಲ್ಲಿ ನಡೆಸುವವರು ಗ್ರೂಪ್ ಲೀಡರ್‌ಗಳು. ಫಲಕದ ಮೇಲೆ ನಿಗಮದ ಹೆಸರು ಇರುತ್ತದೆ, ಗ್ರೂಪ್ ಲೀಡರನ ಹೆಸರಲ್ಲ. ದುಡ್ಡು ಕೊನೆಗೆ ಯಾರಿಗೆ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಅಲ್ಲಿಗೆ ತುಂಡಾಗುತ್ತದೆ.

ಟೆಂಡರ್ ಬೇಡದ ಮಿತಿಯೊಳಗೆ ಬರಲೆಂದು ಒಂದೇ ರಸ್ತೆಯನ್ನು ಮೂರು ತುಂಡು ಮಾಡಿ ತುಂಡು ಗುತ್ತಿಗೆ ಕೊಡುವುದು ಇನ್ನೊಂದು ಹಳೆಯ ರೋಗ. ಮಾರ್ಚ್ ಕೊನೆಯ ವಾರ ಬಂದರೆ ಸಾಕು, ಅನುದಾನ ಲ್ಯಾಪ್ಸ್ ಆಗುತ್ತದೆ ಎಂಬ ಗಡಿಬಿಡಿಯಲ್ಲಿ ಬಿಲ್ಲುಗಳು ಖಜಾನೆಯತ್ತ ಓಡುತ್ತವೆ. ಹನ್ನೊಂದು ತಿಂಗಳು ಕದಲದ ಕಡತ ಹನ್ನೆರಡನೇ ತಿಂಗಳು ಅಷ್ಟು ಬೇಗ ಸಾಗಿದಾಗ ಅಳತೆ ಎಲ್ಲಿ, ಯಾವಾಗ ನಡೆಯಿತು ಎಂದು ಕೇಳುವವರು ಇರಬೇಕು.

ಗುತ್ತಿಗೆದಾರನೂ ಕೇಳುತ್ತಿದ್ದಾನೆ

ಇಷ್ಟು ಓದಿದವರಿಗೆ ಗುತ್ತಿಗೆದಾರನೇ ಖಳ ಎನಿಸಬಹುದು. ಹಾಗಲ್ಲ. ಕತ್ತಲಲ್ಲಿ ಕೈ ತಿರುಚಿಸಿಕೊಳ್ಳುವವರಲ್ಲಿ ಅವರೂ ಇದ್ದಾರೆ.

2021ರಲ್ಲಿ ಕರ್ನಾಟಕ ರಾಜ್ಯ ಗುತ್ತಿಗೆದಾರರ ಸಂಘ ಪ್ರಧಾನಿಗೇ ಪತ್ರ ಬರೆದು, ಕಾಮಗಾರಿಗಳಲ್ಲಿ ಶೇ 40ರಷ್ಟು ಕಮಿಷನ್ ಕೇಳಲಾಗುತ್ತಿದೆ ಎಂದು ಆರೋಪಿಸಿತು. ಆ ಆರೋಪ ಚುನಾವಣೆಯ ಘೋಷಣೆಯಾಯಿತು. 2023ರಲ್ಲಿ ನಿವೃತ್ತ ನ್ಯಾಯಮೂರ್ತಿ ಎಚ್‌.ಎನ್‌. ನಾಗಮೋಹನ ದಾಸ್ ಅವರ ವಿಚಾರಣಾ ಆಯೋಗ ನೇಮಕವಾಯಿತು, 2025ರಲ್ಲಿ ವರದಿ ಸಲ್ಲಿಕೆಯಾಯಿತು. ಆಡಳಿತ ಬದಲಾದ ಮೇಲೂ ಬಾಕಿ ಬಿಲ್ಲಿನ ದೂರು ನಿಲ್ಲಲಿಲ್ಲ.

ಗುತ್ತಿಗೆದಾರರು ಮತ್ತೆ ಮತ್ತೆ ಕೇಳುತ್ತಿರುವುದು ಒಂದನ್ನು: ಜ್ಯೇಷ್ಠತೆಯ ಪ್ರಕಾರ ಬಿಲ್ ಪಾವತಿ ಮಾಡಿ. ಮೊದಲು ಕೆಲಸ ಮುಗಿಸಿದವರಿಗೆ ಮೊದಲು ಹಣ. ಸಾಲ ತಂದು ಜಲ್ಲಿ, ಸಿಮೆಂಟು, ಕೂಲಿಗೆ ಸುರಿದ ಸಣ್ಣ ಗುತ್ತಿಗೆದಾರನ ಬಿಲ್ ವರ್ಷಗಟ್ಟಲೆ ಕೂತಾಗ ಬಡ್ಡಿ ಏರುತ್ತದೆ. ಆಗ ಕಡತ ಮುಂದೆ ತಳ್ಳಿಸಲು ಕೈ ಬಿಸಿ ಮಾಡಬೇಕಾದ ಸ್ಥಿತಿ ಬರುತ್ತದೆ. ಆ ಹಣವನ್ನು ಆತ ಎಲ್ಲಿಂದ ಹೊಂದಿಸುತ್ತಾನೆ? ಕಾಂಕ್ರೀಟಿನ ದಪ್ಪದಿಂದ.

ಬಾಕಿ ಬಿಲ್ಲುಗಳ ಪಟ್ಟಿಯನ್ನು ದಿನಾಂಕದ ಸಮೇತ ಜಾಲತಾಣದಲ್ಲಿ ಹಾಕಿದರೆ, ಕ್ರಮ ತಪ್ಪಿ ಪಾವತಿಯಾದ ಬಿಲ್ ಯಾವುದು ಎಂಬುದು ಎಲ್ಲರಿಗೂ ಕಾಣುತ್ತದೆ. ಊರಿನವರಿಗೂ ನಿಯತ್ತಿನ ಗುತ್ತಿಗೆದಾರನಿಗೂ ಬೇಕಾದ ಪಟ್ಟಿ ಒಂದೇ.

ಅನುದಾನಕ್ಕೂ ಲೆಕ್ಕ ಬೇಡವೇ?

ಗುತ್ತಿಗೆಯ ಮಾತಿಗೆ ಹೋಲಿಸಿದರೆ ಅನುದಾನದ ಮಾತು ನಮ್ಮಲ್ಲಿ ಕಡಿಮೆ. ಅನುದಾನಿತ ಶಾಲೆ, ಕಾಲೇಜು, ವಿದ್ಯಾರ್ಥಿನಿಲಯ, ಮಠ, ಸಮುದಾಯ ಭವನ, ಸ್ವಯಂಸೇವಾ ಸಂಸ್ಥೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯ ಪಡೆಯುವ ಸಂಘಗಳು... ಸರ್ಕಾರದ ಹಣ ಹರಿಯುವ ಕಾಲುವೆಗಳು ನೂರಾರು. ಒಳ್ಳೆಯ ಕೆಲಸಕ್ಕೆ ಕೊಟ್ಟದ್ದನ್ನು ಕೇಳಬಾರದು ಎಂಬ ಸಂಕೋಚ ನಮ್ಮಲ್ಲಿ ಗಟ್ಟಿಯಾಗಿದೆ. ಪ್ರಾಮಾಣಿಕವಾಗಿ ನಾಟಕ ಆಡುವ, ಮಕ್ಕಳಿಗೆ ಊಟ ಹಾಕುವ ಸಂಸ್ಥೆಗಳಿಗೇ ಈ ಸಂಕೋಚದಿಂದ ಪೆಟ್ಟು. ಬೋರ್ಡು ಮಾತ್ರ ಇರುವ ಸಂಘವೂ ಅವರ ಪಕ್ಕದಲ್ಲೇ ಸಾಲಿನಲ್ಲಿ ನಿಂತಿರುತ್ತದೆ.

ಇಲ್ಲಿ ಅಳತೆ ಪುಸ್ತಕದ ಜಾಗದಲ್ಲಿರುವುದು ಹಣ ಬಳಕೆ ಪ್ರಮಾಣಪತ್ರ. ಕೇಂದ್ರದ 2017ರ ಹಣಕಾಸು ನಿಯಮಗಳ ಪ್ರಕಾರ, ಅನುದಾನ ಪಡೆದ ಸಂಸ್ಥೆ ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ಅದನ್ನು ಕೊಡಬೇಕು. ಬಳಕೆ ಪ್ರಮಾಣಪತ್ರ ಬಾರದ ಅನುದಾನಗಳ ಪಟ್ಟಿ ಮಹಾಲೇಖಪಾಲರ ವರದಿಗಳಲ್ಲಿ ಮರುಕಳಿಸುತ್ತಲೇ ಇರುತ್ತದೆ. ಬಂದ ಪ್ರಮಾಣಪತ್ರವೂ ಹೆಚ್ಚಾಗಿ ಒಂದೇ ಪುಟದ್ದು: ಇಷ್ಟು ಪಡೆದೆವು, ಮಂಜೂರಾದ ಉದ್ದೇಶಕ್ಕೇ ಬಳಸಿದೆವು, ಸಹಿ, ಮೊಹರು.

ಕಾನೂನು ಮಾತ್ರ ಸ್ಪಷ್ಟವಾಗಿದೆ. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಸಹಾಯಧನ ಯೋಜನೆಗಳ ಮೊತ್ತ, ಫಲಾನುಭವಿಗಳ ವಿವರವನ್ನು ಯಾರೂ ಕೇಳದಿದ್ದರೂ ಇಲಾಖೆಗಳೇ ಪ್ರಕಟಿಸಬೇಕು. 2019ರ ಸೆಪ್ಟೆಂಬರ್ 17ರಂದು ಸುಪ್ರೀಂ ಕೋರ್ಟು ಡಿಎವಿ ಕಾಲೇಜ್ ಟ್ರಸ್ಟ್ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸರ್ಕಾರದಿಂದ ಗಣನೀಯ ಹಣ ಪಡೆಯುವ ಸ್ವಯಂಸೇವಾ ಸಂಸ್ಥೆಗಳೂ ಈ ಕಾಯ್ದೆಯಡಿ ಸಾರ್ವಜನಿಕ ಪ್ರಾಧಿಕಾರಗಳೇ ಎಂದಿತು. ಗಣನೀಯ ಎಂದರೆ ಅರ್ಧಕ್ಕಿಂತ ಹೆಚ್ಚೇ ಆಗಬೇಕೆಂದಿಲ್ಲ. ನಗರದಲ್ಲಿ ಆಸ್ಪತ್ರೆಗೋ ಶಾಲೆಗೋ ಪುಕ್ಕಟೆಯಾಗಿ, ಇಲ್ಲವೇ ಭಾರಿ ರಿಯಾಯಿತಿಯಲ್ಲಿ ಕೊಟ್ಟ ನೆಲವೂ ಅದರಲ್ಲಿ ಸೇರಬಹುದು. ಅಗ್ಗದ ದರದಲ್ಲಿ ನಿವೇಶನ ಪಡೆದ ಸಂಸ್ಥೆಗಳು ಬೀದಿಗೊಂದಿರುವ ನಮ್ಮ ಊರುಗಳಲ್ಲಿ ಈ ತೀರ್ಪಿನ ವ್ಯಾಪ್ತಿ ದೊಡ್ಡದು. ಅದನ್ನು ಬಳಸಿ ಪ್ರಶ್ನೆ ಕೇಳಿದವರು ಇನ್ನೂ ಕಡಿಮೆ.

▪ ಚೌಕಟ್ಟು: ಪ್ರಕಟಿಸದಿದ್ದರೆ ಗುತ್ತಿಗೆಯೇ ಇಲ್ಲ

ಸ್ಲೊವಾಕಿಯಾ ದೇಶದಲ್ಲಿ 2011ರ ಜನವರಿ 1ರಿಂದ ಸರ್ಕಾರಿ ಒಪ್ಪಂದಗಳು ಜಾಲತಾಣದಲ್ಲಿ ಪ್ರಕಟವಾದ ಮೇಲೆಯೇ ಜಾರಿಗೆ ಬರುತ್ತವೆ. ಮೂರು ತಿಂಗಳೊಳಗೆ ಪ್ರಕಟಿಸದಿದ್ದರೆ ಒಪ್ಪಂದವೇ ಆಗಿಲ್ಲವೆಂದು ಭಾವಿಸಲಾಗುತ್ತದೆ.
ಅಮೆರಿಕದಲ್ಲಿ 2006ರಲ್ಲಿ ಸೆನೆಟರ್‌ಗಳಾದ ಟಾಮ್ ಕೋಬರ್ನ್ ಮತ್ತು ಬರಾಕ್ ಒಬಾಮ ಪಕ್ಷಭೇದ ಬಿಟ್ಟು ತಂದ ಕಾಯ್ದೆಯಿಂದಾಗಿ, ಫೆಡರಲ್ ಸರ್ಕಾರದ ಗುತ್ತಿಗೆ ಮತ್ತು ಅನುದಾನ ಪಡೆದವರ ಹೆಸರು, ಮೊತ್ತ, ಸ್ಥಳವನ್ನು ಒಂದೇ ಜಾಲತಾಣದಲ್ಲಿ ಹುಡುಕಬಹುದು. ಅವರಿಂದ ಉಪಗುತ್ತಿಗೆ ಪಡೆದವರ ವಿವರ ವರದಿ ಮಾಡಬೇಕೆಂಬುದೂ ಅದೇ ಕಾಯ್ದೆಯಲ್ಲಿದೆ.

ಮುಚ್ಚತೊಡಗಿದ ಬಾಗಿಲು

ಈ ಹೊತ್ತಿನಲ್ಲಿ ನನ್ನನ್ನು ಹೆಚ್ಚು ಕಾಡುವ ಬದಲಾವಣೆ ಬೇರೆಯೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ತನ್ನ 44(3) ಸೆಕ್ಷನ್ನಿನ ಮೂಲಕ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ತಿದ್ದಿತು. 2025ರ ನವೆಂಬರಿನಲ್ಲಿ ಈ ತಿದ್ದುಪಡಿ ಜಾರಿಗೆ ಬಂತು.

ಹಳೆಯ ಕಲಂ ವೈಯಕ್ತಿಕ ಮಾಹಿತಿಗೆ ರಕ್ಷಣೆ ಕೊಡುತ್ತಲೇ ಎರಡು ಕಿಟಕಿ ತೆರೆದಿಟ್ಟಿತ್ತು. ಸಾರ್ವಜನಿಕ ಚಟುವಟಿಕೆಗೆ ಸಂಬಂಧಿಸಿದ ಮಾಹಿತಿಗೆ ಅದು ಅಡ್ಡಿಯಾಗುತ್ತಿರಲಿಲ್ಲ. ಸಂಸತ್ತಿಗೆ, ವಿಧಾನಮಂಡಲಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ಪ್ರಜೆಗೂ ನಿರಾಕರಿಸುವಂತಿರಲಿಲ್ಲ. ತಿದ್ದಿದ ಕಲಂನಲ್ಲಿ ಇವೆರಡೂ ಇಲ್ಲ. ವೈಯಕ್ತಿಕ ಮಾಹಿತಿ ಎಂಬ ಮಾತಷ್ಟೇ ಉಳಿದಿದೆ.

ಇದನ್ನು ಕೋಟ್ ಕಿರಾನಾದ ಸಭೆಗೆ ಅನ್ವಯಿಸಿ ನೋಡಿ. ಹಾಜರಿ ಪಟ್ಟಿಯ ಹೆಸರು ವೈಯಕ್ತಿಕ ಮಾಹಿತಿ. ಬಿಲ್ ಪಡೆದ ಗುತ್ತಿಗೆದಾರ ಒಬ್ಬ ವ್ಯಕ್ತಿಯಾಗಿದ್ದರೆ ಅವನ ಹೆಸರೂ ವೈಯಕ್ತಿಕ. ಅಳತೆ ಬರೆದು ಸಹಿ ಹಾಕಿದ ಎಂಜಿನಿಯರನದೂ ಅಷ್ಟೇ. ಹೆಸರುಗಳಿಗೆ ಮಸಿ ಬಳಿದು ಕೊಟ್ಟ ಪಟ್ಟಿಯನ್ನು ಬಯಲಲ್ಲಿ ಓದಿದರೆ ಸತ್ತವನ ಹೆಸರು ಯಾರ ಕಿವಿಗೂ ಬೀಳುವುದಿಲ್ಲ.

ಸಾಮಾನ್ಯನ ಆಧಾರ್, ಆರೋಗ್ಯ, ಬ್ಯಾಂಕ್ ಖಾತೆಯ ವಿವರ ಗುಟ್ಟಾಗಿರಲೇಬೇಕು. ಸರ್ಕಾರದ ದುಡ್ಡು ಪಡೆದ ಹೆಸರಿಗೆ ಅದೇ ರಕ್ಷಣೆ ಸಲ್ಲುವುದು ಹೇಗೆ? ಸಾರ್ವಜನಿಕ ಹಿತ ಹೆಚ್ಚಿನದಾಗಿದ್ದರೆ ಮಾಹಿತಿ ಕೊಡಬಹುದೆಂಬ 8(2) ಸೆಕ್ಷನ್ ಇನ್ನೂ ಉಳಿದಿದೆ ಎಂದು ಸಮಾಧಾನ ಹೇಳುವವರಿದ್ದಾರೆ. ಉಳಿದಿದೆ ನಿಜ. ಆದರೆ ಆ ಹಿತವನ್ನು ತೂಗಿ ನೋಡುವ ಅಧಿಕಾರ ಕಡತ ಇಟ್ಟುಕೊಂಡವರ ಕೈಯಲ್ಲೇ ಇದೆ, ವಾದಿಸುವ ಭಾರ ಅರ್ಜಿದಾರನ ಮೇಲೆ.

ಹೀಗಾಗಿ ಅರ್ಜಿ ಹಾಕಿ ಪಡೆಯುವುದಕ್ಕಿಂತ, ಅರ್ಜಿಯೇ ಬೇಡದಂತೆ ಪ್ರಕಟಿಸುವುದರ ಮೇಲೆ ಈಗ ಒತ್ತು ಬೀಳಬೇಕು. ರಾಜಸ್ಥಾನ 2019ರಲ್ಲಿ ಜನ ಸೂಚನಾ ಪೋರ್ಟಲ್ ತೆರೆಯಿತು. ಅದೇ ದಾರಿಯಲ್ಲಿ 2021ರಲ್ಲಿ ಕರ್ನಾಟಕದ ‘ಮಾಹಿತಿ ಕಣಜ’ ಬಂತು. ಪಂಚಾಯತ್ ರಾಜ್ ಇಲಾಖೆಯ ‘ಗಾಂಧಿ ಸಾಕ್ಷಿ ಕಾಯಕ’ ತಂತ್ರಾಂಶದಲ್ಲಿ ಕಾಮಗಾರಿಯ ಹಂತ ಹಂತದ ಫೋಟೊ ಸೇರಿಸುವ ಏರ್ಪಾಡಿದೆ. ಟೆಂಡರ್ ಒಂದು ಜಾಲತಾಣದಲ್ಲಿ, ಫೋಟೊ ಇನ್ನೊಂದರಲ್ಲಿ, ಪಾವತಿ ಮಗದೊಂದರಲ್ಲಿ ಇರುವುದೇ ತೊಡಕು. ಒಂದು ಕಾಮಗಾರಿಗೆ ಒಂದೇ ಸಂಖ್ಯೆ ಕೊಟ್ಟು ಇವನ್ನೆಲ್ಲ ಜೋಡಿಸಬೇಕು. ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟ, ಉಪಗುತ್ತಿಗೆದಾರ ಅಥವಾ ಗ್ರೂಪ್ ಲೀಡರನ ಹೆಸರು, ಬಿಲ್ ಬಂದ ದಿನ, ಪಾವತಿಯಾದ ದಿನ ಒಂದೇ ಪುಟದಲ್ಲಿ ಕಾಣಬೇಕು. ಅನುದಾನವಾದರೆ ಮಂಜೂರಾತಿ ಆದೇಶದ ಪಕ್ಕದಲ್ಲಿ ಬಳಕೆ ಪ್ರಮಾಣಪತ್ರ ಮತ್ತು ಅದಕ್ಕೆ ಆಧಾರವಾದ ಲೆಕ್ಕಪತ್ರ ಇರಬೇಕು.

ಇದಕ್ಕೆ ಹೊಸದಾಗಿ ಮಾಹಿತಿ ಸಂಗ್ರಹಿಸುವ ಅಗತ್ಯವೇ ಇಲ್ಲ. ಹಣ ಯಾರಿಗೆ, ಎಷ್ಟು, ಯಾವ ತಲೆಬರಹದಡಿ ಎಂಬುದನ್ನು ನಮೂದಿಸದೆ ರಾಜ್ಯದ ಖಜಾನೆ-2 ತಂತ್ರಾಂಶದಿಂದ ಒಂದು ರೂಪಾಯಿಯೂ ಹೊರಗೆ ಹೋಗುವುದಿಲ್ಲ. ಆ ನಮೂದುಗಳೆಲ್ಲ ಈಗಾಗಲೇ ಸರ್ಕಾರದ ಕಂಪ್ಯೂಟರಿನಲ್ಲಿವೆ. ಅವನ್ನು ತೋರಿಸುವ ಪುಟವೊಂದನ್ನು ಸಾರ್ವಜನಿಕರಿಗೆ ತೆರೆಯುವ ಆದೇಶ ಹೊರಡಬೇಕು, ಬರುವ ಮಾರ್ಚಿನ ಬಿಲ್ಲುಗಳು ಓಡುವುದಕ್ಕೆ ಮೊದಲು.